ಜೆರಿಕೋ ದಾರಿಯ ಯಾಜಕ: ವಿಶ್ವಾಸದ ಪಯಣ ಮತ್ತು ಸಮಸ್ತ ಜನರ ಸೇವೆ

1. ಪೀಠಿಕೆ

‘ಕ್ರೈಸ್ತರು’ ಎಂಬ ಹೆಸರು ಹುಟ್ಟುವ ಮೊದಲೇ ಯೇಸುಸ್ವಾಮಿಯ ಶಿಷ್ಯರಿಗೆ ಇನ್ನೊಂದು ಹೆಸರಿತ್ತು. ಪ್ರೇಷಿತರ ಕಾರ್ಯಕಲಾಪಗಳ ಪುಸ್ತಕವು ಅವರನ್ನು ‘ಮಾರ್ಗ’ಕ್ಕೆ ಸೇರಿದವರೆಂದು ಕರೆಯುತ್ತದೆ (9:2, 19:9, 24:14). ಅಂತಿಯೋಕ್ಯದಲ್ಲಿ ಅವರಿಗೆ ಕ್ರೈಸ್ತರೆಂಬ ಹೆಸರು ಬಂದದ್ದನ್ನು ಅದೇ ಪುಸ್ತಕ ಅನಂತರ ತಿಳಿಸುತ್ತದೆ (11:26). ಮೂಲದಲ್ಲಿರುವ ‘ಹೊದೊಸ್’ ಎಂಬ ಗ್ರೀಕ್ ಪದಕ್ಕೆ ದಾರಿ, ರಸ್ತೆ, ಪ್ರಯಾಣ ಎಂಬ ದಿನಬಳಕೆಯ ಅರ್ಥಗಳೇ ಇವೆ. ವಿಶ್ವಾಸವು ಒಪ್ಪಿಕೊಂಡ ಸತ್ಯಗಳ ಸಂಗ್ರಹವಾಗಿರುವಂತೆಯೇ ನಡೆಯಬೇಕಾದ ದಾರಿಯೂ ಆಗಿದೆ ಎಂಬ ಅರಿವು ಧರ್ಮಸಭೆಗೆ ಅದರ ಹುಟ್ಟಿನಿಂದಲೇ ಇತ್ತು.

ದಾರಿ ಎಂದ ಮೇಲೆ ಅದು ಎಲ್ಲಿಗೆ ಹೋಗುತ್ತದೆ ಎಂಬ ಪ್ರಶ್ನೆ ಸಹಜ. ದೇವರೆಡೆಗೆ ಎಂದು ನಮ್ಮ ಧರ್ಮೋಪದೇಶ ಉತ್ತರಿಸುತ್ತದೆ. ಆ ಉತ್ತರ ಸರಿಯಾದುದೇ. ಆದರೆ ನೆರೆಯವರ ಸೇವೆ, ಅದರಲ್ಲಿಯೂ ಧರ್ಮಸಭೆಯ ಹೊರಗಿನವರ ಸೇವೆ, ಈ ದಾರಿಯಲ್ಲಿ ಎಲ್ಲಿ ಬರುತ್ತದೆ? ಅನೇಕರ ಮನಸ್ಸಿನಲ್ಲಿ ಅದು ದಾರಿಬದಿಯ ತಂಗುದಾಣವಿದ್ದಂತೆ. ಸಮಯವಿದ್ದರೆ ನಿಲ್ಲಬಹುದು, ಇಲ್ಲದಿದ್ದರೆ ಮುಂದೆ ಸಾಗಬಹುದು. ಈ ಎಣಿಕೆ ಎಲ್ಲಿ ತಪ್ಪುತ್ತದೆ ಎಂಬುದನ್ನು ಪವಿತ್ರಗ್ರಂಥದ ಮತ್ತು ಆದಿಧರ್ಮಸಭೆಯ ಬೆಳಕಿನಲ್ಲಿ ಪರಿಶೀಲಿಸುವುದು ಈ ಲೇಖನದ ಉದ್ದೇಶ. ನಾವು ಮುಖ್ಯವಾಗಿ ಎರಡು ವಾಕ್ಯಭಾಗಗಳನ್ನು ಆರಿಸಿಕೊಂಡಿದ್ದೇವೆ: ಲೂಕರ ಶುಭಸಂದೇಶದ ಸಮಾರ್ಯದವನ ಸಾಮತಿ ಮತ್ತು ಗಲಾತ್ಯರಿಗೆ ಬರೆದ ಪತ್ರದ ಒಂದು ವಾಕ್ಯ. ಅವುಗಳನ್ನು ಆರಿಸಿಕೊಳ್ಳಲು ಕಾರಣವಾದ ಪ್ರಸಂಗವನ್ನು ಮೊದಲು ಹೇಳಬೇಕು.

2. ಒಂದು ಪಟ್ಟಿಯ ಪ್ರಸಂಗ

2020ರ ಮಾರ್ಚ್ 25ರಂದು ದೇಶದಾದ್ಯಂತ ಲಾಕ್‌ಡೌನ್ ಜಾರಿಗೆ ಬಂದಾಗ ನಾವು ಬೆಂಗಳೂರಿನ ಹೊರವಲಯದ ಧರ್ಮಕೇಂದ್ರವೊಂದರಲ್ಲಿ ನೆರವಿಗಿದ್ದೆವು. ದಾನಿಗಳು 140 ದಿನಸಿ ಕಿಟ್‌ಗಳನ್ನು ಕಳುಹಿಸಿಕೊಟ್ಟರು. ಅಕ್ಕಿ, ಗೋಧಿಹಿಟ್ಟು, ತೊಗರಿಬೇಳೆ, ಎಣ್ಣೆ, ಉಪ್ಪು, ಸೋಪು ಅವುಗಳಲ್ಲಿದ್ದವು. ವಾರ್ಡುಗಳ ಮುಖಂಡರು ಧರ್ಮಕೇಂದ್ರದ ಬಡ ಕುಟುಂಬಗಳ ಪಟ್ಟಿ ಮಾಡಿದಾಗ ಹೆಸರುಗಳು 132 ಆದವು. ಉಳಿದ ಎಂಟು ಕಿಟ್‌ಗಳನ್ನು ತುರ್ತಿಗೆಂದು ಇಟ್ಟುಕೊಂಡೆವು.

ದೇವಾಲಯದ ಕಾಂಪೌಂಡಿನ ಹಿಂದೆ ಕಟ್ಟಡ ಕೆಲಸದವರ ತಗಡಿನ ಶೆಡ್ಡುಗಳಿದ್ದವು. ಅಲ್ಲಿದ್ದವರು ರಾಯಚೂರು, ಯಾದಗಿರಿ ಕಡೆಯವರು. ಕೆಲಸ ನಿಂತಿತ್ತು, ಮೇಸ್ತ್ರಿ ಫೋನು ಎತ್ತುತ್ತಿರಲಿಲ್ಲ, ಪಡಿತರ ಚೀಟಿಗಳು ಊರಿನಲ್ಲಿದ್ದವು. ಅವರಲ್ಲಿ ಒಬ್ಬ ಹಿರಿಯರು ಗೇಟಿನ ಬಳಿ ಬಂದು, “ಯಪ್ಪಾ, ನಮ್ಮ ಹೆಸರೂ ಬರಕೋರಿ” ಎಂದರು. ಮುಂದಿನ ವಾರ ಮತ್ತೊಂದು ಲೋಡು ಬರುವುದಿದೆ, ಆಗ ನಿಮಗೇ ಮೊದಲು ಎಂದೆವು. 31 ಕುಟುಂಬಗಳ ಹೆಸರನ್ನು ಬರೆದುಕೊಂಡೆವು ಕೂಡ. ಮೊದಲು ವಿಶ್ವಾಸದ ಮನೆಯವರಿಗೆ ಎಂಬ ಪೌಲರ ಮಾತು ನಮ್ಮ ಬಾಯಲ್ಲಿ ಸಿದ್ಧವಾಗಿತ್ತು.

ಎರಡನೆಯ ಲೋಡು ಪವಿತ್ರ ವಾರದ ಬುಧವಾರ ಬಂತು. ಮರುದಿನ, ಏಪ್ರಿಲ್ 9ರ ಪವಿತ್ರ ಗುರುವಾರ ಬೆಳಿಗ್ಗೆ, ಪಟ್ಟಿ ಹಿಡಿದು ಹೋದಾಗ ಶೆಡ್ಡುಗಳು ಖಾಲಿಯಾಗಿದ್ದವು. ಮೂರು ರಾತ್ರಿಗಳ ಹಿಂದೆಯೇ ಮಕ್ಕಳುಮರಿಗಳೊಡನೆ ನಡೆದು ಹೊರಟುಹೋದರೆಂದು ಕಾವಲುಗಾರ ಹೇಳಿದ. ಅಲ್ಲಿಂದ ರಾಯಚೂರಿಗೆ ಸುಮಾರು 400 ಕಿಲೋಮೀಟರ್ ದೂರ. ಆ ಸಂಜೆ ಜನರಿಲ್ಲದ ದೇವಾಲಯದಲ್ಲಿ ಪ್ರಭುವಿನ ಅಂತಿಮ ಭೋಜನದ ಬಲಿಪೂಜೆ ನಡೆಯಿತು. ಸೋಂಕಿನ ಕಾರಣದಿಂದ ಆ ವರ್ಷ ಪಾದ ತೊಳೆಯುವ ವಿಧಿಯನ್ನು ಕೈಬಿಡಬೇಕೆಂದು ರೋಮ್‌ನಿಂದ ಆದೇಶ ಬಂದಿತ್ತು. ಯೊವಾನ್ನರ 13ನೆಯ ಅಧ್ಯಾಯವನ್ನು ಓದಿ ಮುಗಿಸುವುದು ನಮಗೆ ಕಷ್ಟವಾಯಿತು.

ಯಾರೂ ನಮ್ಮನ್ನು ದೂಷಿಸಲಿಲ್ಲ. ಪಟ್ಟಿ ಸರಿಯಾಗಿತ್ತು, ಲೆಕ್ಕವೂ ಸರಿಯಾಗಿತ್ತು. ಆದರೆ ಯಾವ ವಾಕ್ಯವನ್ನು ನಂಬಿ ಹಾಗೆ ಮಾಡಿದೆವೋ ಆ ವಾಕ್ಯವನ್ನು ನಾವು ಪೂರ್ತಿಯಾಗಿ ಓದಿರಲಿಲ್ಲ ಎಂಬುದು ಅನಂತರ ತಿಳಿಯಿತು.

3. ಹೊರಟವನಿಗೆ ಕೊಟ್ಟ ಆಶೀರ್ವಾದ

ಪವಿತ್ರಗ್ರಂಥದಲ್ಲಿ ವಿಶ್ವಾಸದ ಪಯಣ ಅಬ್ರಹಾಮನಿಂದ ಆರಂಭವಾಗುತ್ತದೆ. ಸ್ವದೇಶವನ್ನೂ ಬಂಧುಬಳಗವನ್ನೂ ತಂದೆಯ ಮನೆಯನ್ನೂ ಬಿಟ್ಟು ಹೊರಡುವಂತೆ ದೇವರು ಅವನಿಗೆ ಆಜ್ಞಾಪಿಸುತ್ತಾರೆ (ಆದಿಕಾಂಡ 12:1-3). ಆ ಕರೆಯ ಕೊನೆಯಲ್ಲಿ ಬರುವ ವಾಗ್ದಾನ ಅಬ್ರಹಾಮನ ವಂಶಕ್ಕಷ್ಟೇ ಸೀಮಿತವಾಗಿಲ್ಲ. ಅವನ ಮೂಲಕ ಭೂಮಿಯ ಎಲ್ಲ ಕುಲಗಳಿಗೂ ಆಶೀರ್ವಾದ ದೊರೆಯಬೇಕು. ಆಯ್ಕೆ ಒಬ್ಬನದು, ಗುರಿ ಎಲ್ಲರದು. ದೇವರು ಒಂದು ಜನಾಂಗವನ್ನು ಆರಿಸಿಕೊಂಡದ್ದು ಉಳಿದವರನ್ನು ಬಿಡುವುದಕ್ಕಾಗಿ ಅಲ್ಲ, ಅವರನ್ನು ತಲುಪುವುದಕ್ಕಾಗಿ ಎಂಬುದು ರಕ್ಷಣಾ ಇತಿಹಾಸದ ಮೊದಲ ಹೆಜ್ಜೆಯಲ್ಲಿಯೇ ವ್ಯಕ್ತವಾಗಿದೆ.

ಧರ್ಮಶಾಸ್ತ್ರದಲ್ಲಿಯೂ ಈ ವಿಸ್ತಾರ ಕಾಣುತ್ತದೆ. ನೆರೆಯವನನ್ನು ನಿನ್ನಂತೆಯೇ ಪ್ರೀತಿಸಬೇಕೆಂಬ ಆಜ್ಞೆ ಯಾಜಕಕಾಂಡ 19:18ರಲ್ಲಿದೆ. ಅಲ್ಲಿ ‘ನೆರೆಯವನು’ ಎಂದರೆ ಸ್ವಜನರಲ್ಲಿ ಒಬ್ಬನು ಎಂದು ಆ ವಚನದ ಸಂದರ್ಭವೇ ಹೇಳುತ್ತದೆ. ಆದರೆ ಅದೇ ಅಧ್ಯಾಯದ 34ನೆಯ ವಚನವು ಅದೇ ಪದಗಳನ್ನು ಪರದೇಶಿಗೆ ಅನ್ವಯಿಸುತ್ತದೆ. ಇಸ್ರಯೇಲರೂ ಈಜಿಪ್ಟಿನಲ್ಲಿ ಪರದೇಶಿಗಳಾಗಿದ್ದರು ಎಂಬ ನೆನಪು ಅದಕ್ಕೆ ಕೊಡಲಾದ ಕಾರಣ. ಹದಿನಾರು ವಚನಗಳ ಅಂತರದಲ್ಲಿ ಪ್ರೀತಿಯ ಗಡಿ ಊರಿನ ಎಲ್ಲೆಯನ್ನು ದಾಟುತ್ತದೆ.

ಕ್ರಿ.ಪೂ. 597ರಲ್ಲಿ ಬಾಬಿಲೋನಿಗೆ ಗಡೀಪಾರಾದವರಿಗೆ ಯೆರೆಮೀಯ ಬರೆದ ಪತ್ರ ಇನ್ನೂ ಮುಂದೆ ಹೋಗುತ್ತದೆ (29:4-7). ತಮ್ಮನ್ನು ಸೆರೆಯೊಯ್ದವರ ನಗರದ ಕ್ಷೇಮಕ್ಕಾಗಿ ಶ್ರಮಿಸಬೇಕು, ಅದಕ್ಕಾಗಿ ಪ್ರಾರ್ಥಿಸಬೇಕು ಎಂದು ಪ್ರವಾದಿ ಆದೇಶಿಸುತ್ತಾನೆ. ಮೂಲದ ಪದ ‘ಶಾಲೋಮ್’. ಆ ನಗರದ ಶಾಲೋಮ್‌ನಲ್ಲಿಯೇ ನಿಮ್ಮ ಶಾಲೋಮ್ ಇದೆ ಎಂಬುದು ಅವನ ವಾದ. ಅಲ್ಪಸಂಖ್ಯಾತರಾಗಿ ದೊಡ್ಡ ಸಮಾಜದ ನಡುವೆ ಬದುಕುವ ವಿಶ್ವಾಸಿಗಳಿಗೆ ಇದಕ್ಕಿಂತ ನೇರವಾದ ಮಾರ್ಗದರ್ಶನ ಹಳೆಯ ಒಡಂಬಡಿಕೆಯಲ್ಲಿ ದೊರೆಯುವುದು ಕಷ್ಟ.

4. ಇಳಿದು ಹೋಗುತ್ತಿದ್ದ ಯಾಜಕ

ಜೆರುಸಲೇಮಿನಿಂದ ಜೆರಿಕೋವಿಗೆ ಸುಮಾರು 27 ಕಿಲೋಮೀಟರ್. ಅಷ್ಟರಲ್ಲಿ ದಾರಿ ಸಾವಿರ ಮೀಟರ್‌ನಷ್ಟು ಕೆಳಗಿಳಿಯುತ್ತದೆ. ಬಂಡೆ ಕೊರಕಲುಗಳ ಆ ನಿರ್ಜನ ದಾರಿಯಲ್ಲಿ ಕಳ್ಳರು ಒಬ್ಬನನ್ನು ದೋಚಿ ಅರೆಜೀವ ಮಾಡಿ ಬಿಟ್ಟುಹೋಗುತ್ತಾರೆ (ಲೂಕ 10:30-37). ಆಗ ಅಲ್ಲಿಗೆ ಬರುವ ಮೊದಲನೆಯವನು ಯಾಜಕ.

ಈ ಸಾಮತಿಯನ್ನು ಬೋಧಿಸುವಾಗ ನಾವು ಯಾಜಕನಿಗೆ ಒಂದು ನೆಪವನ್ನು ಒದಗಿಸಿಕೊಡುವುದುಂಟು: ಅವನು ದೇವಾಲಯದ ಸೇವೆಗೆ ಹೋಗುತ್ತಿದ್ದ, ಶವವನ್ನು ಮುಟ್ಟಿದರೆ ಅಶುದ್ಧನಾಗಿ ಆ ಸೇವೆಗೆ ಅನರ್ಹನಾಗುತ್ತಿದ್ದ. ಆದರೆ ಲೂಕರ ವಾಕ್ಯ ಹಾಗೆ ಹೇಳುವುದಿಲ್ಲ. ಯಾಜಕನು ಆ ದಾರಿಯಲ್ಲಿ ಇಳಿದು ಹೋಗುತ್ತಿದ್ದನು ಎಂದು 31ನೆಯ ವಚನ ಸ್ಪಷ್ಟಪಡಿಸುತ್ತದೆ. ಇಳಿಯುವುದೆಂದರೆ ಜೆರುಸಲೇಮಿಗೆ ಬೆನ್ನು ಮಾಡಿ ನಡೆಯುವುದು. ಯಾಜಕರು 24 ವರ್ಗಗಳಾಗಿ ಸರದಿಯಂತೆ ಸೇವೆ ಸಲ್ಲಿಸಿ ಊರಿಗೆ ಮರಳುತ್ತಿದ್ದರು. ಇದನ್ನು ಲೂಕರೇ ತಮ್ಮ ಮೊದಲ ಅಧ್ಯಾಯದಲ್ಲಿ ಚಿತ್ರಿಸಿದ್ದಾರೆ. ಜೆಕರೀಯನು ಸೇವೆಯ ದಿನಗಳು ಮುಗಿದ ಮೇಲೆ ಮನೆಗೆ ಹೋಗುತ್ತಾನೆ (1:8, 23). ಆದುದರಿಂದ ಸಾಮತಿಯ ಯಾಜಕನೂ ಸೇವೆ ಮುಗಿಸಿ ಮನೆಗೆ ಹೊರಟವನೆಂದು ಓದುವುದು ಲೂಕರ ಬರಹಕ್ಕೆ ಹೆಚ್ಚು ಒಪ್ಪುತ್ತದೆ. ಅವನ ಕೈಯಲ್ಲಿ ಧೂಪದ ಪರಿಮಳ ಇನ್ನೂ ಆರಿರದಿದ್ದೀತು.

ಅಶುದ್ಧಿಯ ನಿಯಮವೂ (ಯಾಜಕಕಾಂಡ 21:1-4) ಅವನನ್ನು ಪೂರ್ತಿಯಾಗಿ ಕಾಪಾಡುವುದಿಲ್ಲ. ಬಿದ್ದವನು ಇನ್ನೂ ಸತ್ತಿರಲಿಲ್ಲ. ಸತ್ತಿದ್ದರೂ, ಅನಾಥ ಶವದ ಸಂಸ್ಕಾರಕ್ಕಾಗಿ ಮಹಾಯಾಜಕನೂ ಅಶುದ್ಧನಾಗಬಹುದೆಂಬ ಅಭಿಪ್ರಾಯ ಯೆಹೂದ್ಯರ ಮಿಷ್ನಾ ಗ್ರಂಥದ ನಾಜೀರ್ ಭಾಗದಲ್ಲಿ ದಾಖಲಾಗಿದೆ. ಆದುದರಿಂದ ಈ ಸಾಮತಿಯನ್ನು ಯೆಹೂದ್ಯ ಧರ್ಮದ ಮೇಲಿನ ಆಕ್ಷೇಪವೆಂದು ಬೋಧಿಸುವುದು ತಪ್ಪು. ಧರ್ಮಶಾಸ್ತ್ರ ಅವನನ್ನು ತಡೆಯಲಿಲ್ಲ. ಆರಾಧನೆಯಿಂದ ಹೊರಟ ದಾರಿ ಗಾಯಾಳುವಿನ ಬಳಿಗೇ ತಂದಿತ್ತು. ಅಲ್ಲಿಗೆ ಬಂದವನು ಅವನನ್ನು ಕಂಡು ದಾರಿಯ ಆಚೆ ಬದಿಗೆ ಸರಿದುಹೋದ. ಪೋಪ್ ಫ್ರಾನ್ಸಿಸ್ 2020ರ ಅಕ್ಟೋಬರ್ 3ರಂದು ಸಹಿ ಮಾಡಿದ ‘ಫ್ರಾತೆಲ್ಲಿ ತುತ್ತಿ’ ವಿಶ್ವಪತ್ರದ ಎರಡನೆಯ ಅಧ್ಯಾಯವನ್ನು ಇಡಿಯಾಗಿ ಈ ಸಾಮತಿಗೆ ಮೀಸಲಿಟ್ಟಿದ್ದಾರೆ. ದಾಟಿಹೋದ ಇಬ್ಬರೂ ದೇವರ ಆರಾಧನೆಗೆ ಮೀಸಲಾದವರು ಎಂಬ ವಿವರವನ್ನು ಅವರು ಎತ್ತಿ ತೋರಿಸುತ್ತಾರೆ. ಇದನ್ನು ಓದುವ ನಾವೂ ಅದೇ ವೃತ್ತಿಯವರು.

ಸಮಾರ್ಯದವನ ವಿಷಯದಲ್ಲಿ ಲೂಕರು ಬಳಸುವ ಕ್ರಿಯಾಪದ ‘ಸ್ಪ್ಲಾಂಖ್ನಾ’ ಎಂಬ ಪದದಿಂದ ಬಂದುದು. ಅದರ ಅರ್ಥ ಕರುಳು. ಅನೇಕ ಭಾಷೆಗಳ ಅನುವಾದಕರು ಈ ಪದದೊಡನೆ ಹೆಣಗಬೇಕಾಗುತ್ತದೆ. ಕನ್ನಡದಲ್ಲಿ ಆ ಕಷ್ಟವಿಲ್ಲ. ಅವನನ್ನು ನೋಡಿ ಸಮಾರ್ಯದವನ ಕರುಳು ಮರುಗಿತು ಎಂದರೆ ಮೂಲದ ಅರ್ಥ ಹಾಗೆಯೇ ಬಂದುಬಿಡುತ್ತದೆ. ನಾಯಿನಿನ ವಿಧವೆಯನ್ನು ಕಂಡ ಯೇಸುವಿನ ಬಗ್ಗೆಯೂ (7:13), ಮರಳಿ ಬಂದ ಮಗನನ್ನು ಕಂಡ ತಂದೆಯ ಬಗ್ಗೆಯೂ (15:20) ಲೂಕರು ಇದೇ ಪದವನ್ನು ಬಳಸುತ್ತಾರೆ. ಅಂದರೆ ದೇವರ ಕರುಳು ಈ ಕಥೆಯಲ್ಲಿ ಪರಕೀಯನೊಬ್ಬನ ಒಡಲಲ್ಲಿ ಮಿಡಿಯುತ್ತದೆ. ಅನಂತರ ಬರುವುದೆಲ್ಲ ಕೈಕೆಲಸ: ಎಣ್ಣೆ, ದ್ರಾಕ್ಷಾರಸ, ಪಟ್ಟಿ ಕಟ್ಟುವುದು, ಸ್ವಂತ ವಾಹನದ ಮೇಲೆ ಕೂರಿಸುವುದು, ಛತ್ರದವನಿಗೆ ಎರಡು ದೆನಾರಿ. ಒಂದು ದೆನಾರಿ ಒಬ್ಬ ಕೂಲಿಯಾಳಿನ ಒಂದು ದಿನದ ಕೂಲಿ (ಮತ್ತಾಯ 20:2). ಹೆಚ್ಚು ಖರ್ಚಾದರೆ ಮರಳಿ ಬಂದಾಗ ಕೊಡುತ್ತೇನೆ ಎಂಬ ಮಾತಿನಿಂದ ಅವನ ಸೇವೆ ಒಂದು ದಿನದ ಮರುಕವಾಗಿ ಮುಗಿಯದೆ ಹೊಣೆಗಾರಿಕೆಯಾಗುತ್ತದೆ.

ಧರ್ಮಶಾಸ್ತ್ರಜ್ಞ ಕೇಳಿದ್ದು ‘ನನ್ನ ನೆರೆಯವನು ಯಾರು’ ಎಂದು. ಅಂದರೆ ಪಟ್ಟಿಯನ್ನು ಎಲ್ಲಿಗೆ ನಿಲ್ಲಿಸಬೇಕು ಎಂದು. ಯೇಸು ಪ್ರಶ್ನೆಯನ್ನೇ ತಿರುಗಿಸಿ, ಬಿದ್ದವನಿಗೆ ನೆರೆಯವನಾದವನು ಯಾರು ಎಂದು ಕೇಳುತ್ತಾರೆ. ನೆರೆಯವನು ಯಾರೆಂದು ಹೊರಡುವ ಮೊದಲು ತಿಳಿಯುವುದಿಲ್ಲ. ದಾರಿಯಲ್ಲಿ ಹತ್ತಿರ ಹೋದಾಗ ತಿಳಿಯುತ್ತದೆ.

5. ಗಲಾತ್ಯ 6:10ರ ಮೂರು ಮಾತುಗಳು

ಲಾಕ್‌ಡೌನಿನಲ್ಲಿ ನಾವು ಆಧಾರವಾಗಿ ಹಿಡಿದ ವಚನಕ್ಕೆ ಈಗ ಬರೋಣ. ಸಂತ ಪೌಲರ ಆ ವಾಕ್ಯದಲ್ಲಿ ಮೂರು ಅಂಶಗಳಿವೆ: ಕಾಲವಿರುವಾಗಲೇ ಮಾಡಬೇಕು, ಎಲ್ಲರಿಗೂ ಒಳ್ಳೆಯದನ್ನು ಮಾಡಬೇಕು, ವಿಶೇಷವಾಗಿ ವಿಶ್ವಾಸದ ಮನೆತನದವರಿಗೆ ಮಾಡಬೇಕು. ನಾವು ಮೂರನೆಯದನ್ನು ಮಾತ್ರ ಓದಿದ್ದೆವು.

ಮೂರನೆಯ ಅಂಶವನ್ನು ತಳ್ಳಿಹಾಕುವಂತಿಲ್ಲ. ಸ್ವಂತ ಮನೆಯವರು ಹಸಿದಿರುವಾಗ ಊರಿಗೆ ಉಪಕಾರ ಮಾಡಲು ಹೊರಡುವುದು ಕಪಟ. ಜೆರುಸಲೇಮಿನ ಸಭೆ ದಿನದಿನದ ಹಂಚಿಕೆಯಲ್ಲಿ ಕಡೆಗಣಿಸಲ್ಪಟ್ಟ ಗ್ರೀಕ್ ಭಾಷೆಯ ವಿಧವೆಯರಿಗಾಗಿ ಏಳು ಮಂದಿಯನ್ನು ನೇಮಿಸಿತು (ಪ್ರೇಷಿತರ ಕಾರ್ಯಕಲಾಪಗಳು 6:1-6). ಪೌಲರು ಜೆರುಸಲೇಮಿನ ಬಡ ವಿಶ್ವಾಸಿಗಳಿಗಾಗಿ ದೂರದ ಸಭೆಗಳಲ್ಲಿ ವರ್ಷಗಟ್ಟಲೆ ನಿಧಿ ಸಂಗ್ರಹಿಸಿದರು (2 ಕೊರಿಂಥ 8-9). ಆದರೆ ‘ವಿಶೇಷವಾಗಿ’ ಎಂಬ ಪದ ‘ಎಲ್ಲರಿಗೂ’ ಎಂಬುದನ್ನು ಅಳಿಸುವುದಿಲ್ಲ. ಎಲ್ಲರೂ ಇದ್ದಾಗ ಮಾತ್ರ ‘ವಿಶೇಷವಾಗಿ’ ಎಂಬುದಕ್ಕೆ ಅರ್ಥವಿದೆ.

ಇವುಗಳ ನಡುವಿನ ಕ್ರಮವನ್ನು ಸಂತ ಥಾಮಸ್ ಅಕ್ವಿನಾಸರು ತಮ್ಮ ‘ಸುಮ್ಮಾ ಥಿಯೊಲೊಜಿಯೆ’ಯಲ್ಲಿ ಬಿಡಿಸಿ ಹೇಳಿದ್ದಾರೆ (ದ್ವಿತೀಯ ಭಾಗದ ದ್ವಿತೀಯ ಖಂಡ, ಪ್ರಶ್ನೆ 31, ಅಧಿಕರಣ 3). ಸಾಮಾನ್ಯವಾಗಿ ಹತ್ತಿರದವರಿಗೆ ಹೆಚ್ಚು ಉಪಕಾರ ಮಾಡಬೇಕು. ಆದರೆ ತೀವ್ರ ಸಂಕಟದಲ್ಲಿರುವ ಪರಕೀಯನಿಗೆ, ಅಷ್ಟು ಸಂಕಟದಲ್ಲಿಲ್ಲದ ಸ್ವಂತ ತಂದೆಗಿಂತಲೂ ಮೊದಲು ನೆರವಾಗಬೇಕಾದ ಸಂದರ್ಭಗಳಿವೆ. ಸಂಬಂಧದ ನಿಕಟತೆಯ ಜೊತೆಗೆ ಅಗತ್ಯದ ತೀವ್ರತೆಯೂ ಅಳತೆಗೋಲಾಗಬೇಕೆಂಬುದು ಅವರ ತೀರ್ಮಾನ. ಇಂಥ ಸಂದರ್ಭಗಳಿಗೆಲ್ಲ ಅನ್ವಯವಾಗುವ ಒಂದೇ ನಿಯಮವಿಲ್ಲ, ವಿವೇಕದಿಂದ ನಿರ್ಣಯಿಸಬೇಕು ಎಂದೂ ಅವರು ಹೇಳುತ್ತಾರೆ. ನಮ್ಮ 132 ಕುಟುಂಬಗಳಿಗೆ ಪಡಿತರ ಚೀಟಿಯಿತ್ತು, ಬಾಗಿಲು ತಟ್ಟಲು ಪರಿಚಿತರಿದ್ದರು. ಶೆಡ್ಡಿನವರಿಗೆ ಎರಡೂ ಇರಲಿಲ್ಲ.

ಮೊದಲನೆಯ ಅಂಶವನ್ನು ಕೊನೆಯಲ್ಲಿ ಹೇಳುತ್ತಿದ್ದೇವೆ, ಏಕೆಂದರೆ ನಮಗೆ ಅದು ಕೊನೆಯಲ್ಲಿ ಹೊಳೆಯಿತು. ಪೌಲರು ಬಳಸುವ ಪದ ‘ಕೈರೊಸ್’, ಒದಗಿಬಂದ ಕಾಲ. ಕ್ಯಾಲೆಂಡರಿನ ಕಾಲ ಮುಂದಿನ ವಾರವೂ ಇರುತ್ತದೆ, ಕೈರೊಸ್ ಇರುವುದಿಲ್ಲ. ಆ ಹಿರಿಯರು ಗೇಟಿನ ಬಳಿ ಬಂದು ನಿಂತದ್ದೇ ನಮಗೆ ಒದಗಿಬಂದ ಕಾಲವಾಗಿತ್ತು.

6. ರೋಗದ ಬೀದಿಗಳಲ್ಲಿ ಆದಿಧರ್ಮಸಭೆ

ಆದಿಧರ್ಮಸಭೆಯೂ ಈ ಪ್ರಶ್ನೆಯನ್ನು ಎದುರಿಸಿತ್ತು. ಕ್ರಿ.ಶ. 252ರ ಸುಮಾರಿಗೆ ಉತ್ತರ ಆಫ್ರಿಕದ ಕಾರ್ಥೇಜಿನಲ್ಲಿ ಮಹಾಮಾರಿ ಹರಡಿತು. ಭಯಗೊಂಡ ಜನ ಸ್ವಂತ ಮನೆಯ ರೋಗಿಗಳನ್ನೇ ಹೊರಹಾಕುತ್ತಿದ್ದರು. ಅದಕ್ಕೆ ಎರಡು ವರ್ಷ ಮುಂಚೆ ಚಕ್ರವರ್ತಿ ದೆಸಿಯಸನ ಹಿಂಸೆಯಲ್ಲಿ ಅದೇ ನಗರದ ಕ್ರೈಸ್ತರು ಸೆರೆ, ಸಾವುಗಳನ್ನು ಕಂಡಿದ್ದರು. ಧರ್ಮಾಧ್ಯಕ್ಷ ಸಂತ ಸಿಪ್ರಿಯನರು ವಿಶ್ವಾಸಿಗಳನ್ನು ಸೇರಿಸಿ ಆಡಿದ ಮಾತುಗಳ ಸಾರವನ್ನು ಅವರ ಸೇವಾದರ್ಶಿ ಪೊಂತಿಯಸ್ ತಾನು ಬರೆದ ಚರಿತ್ರೆಯಲ್ಲಿ ಉಳಿಸಿದ್ದಾನೆ. ನಮ್ಮವರನ್ನು ಮಾತ್ರ ನಾವು ಆದರಿಸಿದರೆ ಅದರಲ್ಲಿ ಹೆಚ್ಚುಗಾರಿಕೆ ಇಲ್ಲ. ಒಳ್ಳೆಯವರ ಮೇಲೂ ಕೆಟ್ಟವರ ಮೇಲೂ ಸೂರ್ಯನನ್ನು ಉದಯಿಸುವ ಪಿತನ ಮಕ್ಕಳಾದವರು ವೈರಿಗಳನ್ನೂ ಪ್ರೀತಿಸಬೇಕು ಎಂಬುದು ಆ ಸಾರ. ಮತ್ತಾಯ 5:44-48ನ್ನು ಅವರು ಬೋಧಿಸಿದ್ದು ಹಿಂಸಿಸಿದವರ ಶುಶ್ರೂಷೆಗೆ ಜನರನ್ನು ಹೊರಡಿಸಲು. ಬಳಿಕ ಜನರು ತಮ್ಮ ತಮ್ಮ ಶಕ್ತಿಗೆ ತಕ್ಕಂತೆ ಕೆಲಸ ಹಂಚಿಕೊಂಡರು. ಹಣವಿಲ್ಲದವರು ದುಡಿಮೆಯನ್ನೇ ಕೊಟ್ಟರು.

ಮುಂದಿನ ಶತಮಾನದಲ್ಲಿ, 369ರ ಸುಮಾರಿಗೆ, ಕಪ್ಪದೋಕ್ಯದ ಕೈಸರೈಯದಲ್ಲಿ ಬರಗಾಲ ಬಂತು. ಸಂತ ಬೆಸಿಲ್ ಆಗ ಇನ್ನೂ ಯಾಜಕರಾಗಿದ್ದರು. ಧಾನ್ಯ ಕೂಡಿಟ್ಟಿದ್ದ ಧನಿಕರನ್ನು ಪ್ರಬೋಧನೆಗಳಿಂದ ಎಚ್ಚರಿಸಿ ಕಣಜಗಳನ್ನು ತೆರೆಸಿದರು. ಹಸಿದವರನ್ನು ಒಂದೆಡೆ ಸೇರಿಸಿ ದೊಡ್ಡ ಪಾತ್ರೆಗಳಲ್ಲಿ ಬೇಯಿಸಿದ ಕಾಳಿನ ಸಾರನ್ನು ತಾವೇ ಬಡಿಸಿದರು ಎಂದು ಅವರ ಗೆಳೆಯ ನಾಜಿಯಾಂಜಸಿನ ಸಂತ ಗ್ರೆಗೊರಿ ಸ್ಮರಿಸಿದ್ದಾರೆ. ಧರ್ಮಾಧ್ಯಕ್ಷರಾದ ಮೇಲೆ ನಗರದ ಹೊರಗೆ ರೋಗಿಗಳಿಗೂ ಕುಷ್ಠಪೀಡಿತರಿಗೂ ಪಯಣಿಗರಿಗೂ ಅವರು ಕಟ್ಟಿಸಿದ ನೆಲೆಗೆ ಅವರ ಹೆಸರೇ ನಿಂತಿತು. ಅದಕ್ಕೆ ಕೆಲವೇ ವರ್ಷಗಳ ಹಿಂದೆ ಚಕ್ರವರ್ತಿ ಜೂಲಿಯನ್, ಕ್ರೈಸ್ತ ವಿಶ್ವಾಸವನ್ನು ತೊರೆದು ಅದನ್ನು ವಿರೋಧಿಸಿದವನು, ತನ್ನ ಪುರೋಹಿತನೊಬ್ಬನಿಗೆ ಬರೆದ ಪತ್ರದಲ್ಲಿ ಗಲಿಲೇಯದವರು ತಮ್ಮ ಬಡವರ ಜೊತೆಗೆ ನಮ್ಮ ಬಡವರನ್ನೂ ಸಾಕುತ್ತಿದ್ದಾರೆ ಎಂದು ಕಳವಳಪಟ್ಟಿದ್ದನು. ವಿರೋಧಿಯ ಈ ದೂರು ಧರ್ಮಸಭೆಗೆ ದೊರೆತ ದೊಡ್ಡ ಪ್ರಮಾಣಪತ್ರ.

7. ಬಲಿಪೀಠದಿಂದ ಹೊರಡುವ ದಾರಿ

ಸೇವೆ ಬಲಿಪೂಜೆಯ ಹೊರಗಿನ ವಿಷಯವೆಂದು ಭಾವಿಸುವವರಿಗೆ ಸಂತ ಜಸ್ಟಿನರ ಬರಹವನ್ನು ಓದಲು ಕೊಡಬೇಕು. ಸುಮಾರು 155ರಲ್ಲಿ ರೋಮ್‌ನಲ್ಲಿ ಬರೆದ ತಮ್ಮ ಮೊದಲ ಸಮರ್ಥನೆಯಲ್ಲಿ ಅವರು ಭಾನುವಾರದ ಪೂಜೆಯನ್ನು ವಿವರಿಸುತ್ತಾರೆ. ವಾಚನ, ಪ್ರಬೋಧನೆ, ಪ್ರಾರ್ಥನೆ, ಕೃತಜ್ಞತಾಸ್ತುತಿ, ಪ್ರಸಾದ ಹಂಚಿಕೆ. ಬಾರದಿದ್ದವರಿಗೆ ಸೇವಾದರ್ಶಿಗಳು ಪ್ರಸಾದವನ್ನು ಒಯ್ಯುತ್ತಾರೆ. ಇದೇ ವಿವರಣೆಯ ಓಘದಲ್ಲಿ, ಉಳ್ಳವರು ಇಷ್ಟಪಟ್ಟು ಕೊಟ್ಟದ್ದು ಸಭೆಯ ಅಧ್ಯಕ್ಷನ ಬಳಿ ಸೇರುತ್ತದೆ, ಅವನು ಅದರಿಂದ ಅನಾಥರನ್ನು, ವಿಧವೆಯರನ್ನು, ರೋಗಿಗಳನ್ನು, ಸೆರೆಯಲ್ಲಿರುವವರನ್ನು, ಊರಿಗೆ ಬಂದ ಪರಕೀಯರನ್ನು ನೋಡಿಕೊಳ್ಳುತ್ತಾನೆ ಎನ್ನುತ್ತಾರೆ. ಜಸ್ಟಿನರಿಗೆ ಇದು ಪೂಜೆಯ ನಂತರದ ಪ್ರಕಟಣೆಯಾಗಿರದೆ ಪೂಜೆಯ ವಿವರಣೆಯ ಭಾಗವೇ ಆಗಿತ್ತು.

ಪಾಶ್ಚಾತ್ಯ ಧರ್ಮಸಭೆಯಲ್ಲಿ ಬಲಿಪೂಜೆಗೆ ಬಂದ ‘ಮಿಸ್ಸಾ’ ಎಂಬ ಹೆಸರು ಕೊನೆಯ ಬೀಳ್ಕೊಡುಗೆಯ ಮಾತಿನಿಂದ ಹುಟ್ಟಿದುದು. ಪ್ರಾಚೀನ ಲ್ಯಾಟಿನಿನಲ್ಲಿ ಅದಕ್ಕೆ ಸಭೆಯ ವಿಸರ್ಜನೆ ಎಂದಷ್ಟೇ ಅರ್ಥ. ಕ್ರೈಸ್ತ ಬಳಕೆಯಲ್ಲಿ ಕಳುಹಿಸಿಕೊಡುವಿಕೆ ಎಂಬ ಅರ್ಥ ಅದಕ್ಕೆ ಕೂಡಿಕೊಂಡಿತು. ಎಮ್ಮಾವುಸಿನ ಇಬ್ಬರು ಶಿಷ್ಯರು ರೊಟ್ಟಿ ಮುರಿಯುವಾಗ ಪ್ರಭುವನ್ನು ಗುರುತಿಸಿ, ಅದೇ ಗಳಿಗೆಯಲ್ಲಿ ಎದ್ದು ಹೊರಟರು (ಲೂಕ 24:33). ಪೋಪ್ ಹದಿನಾರನೆಯ ಬೆನೆಡಿಕ್ಟರು 2005ರ ‘ದೇವುಸ್ ಕಾರಿತಾಸ್ ಎಸ್ತ್’ ವಿಶ್ವಪತ್ರದಲ್ಲಿ ದೇವವಾಕ್ಯದ ಘೋಷಣೆ, ಸಂಸ್ಕಾರಗಳ ಆಚರಣೆ, ಪ್ರೀತಿಯ ಸೇವೆ ಇವು ಮೂರೂ ಒಂದನ್ನೊಂದು ಬಿಟ್ಟಿರಲಾರವು ಎಂದು ಬೋಧಿಸಿದರು (25). ಸೇವೆಯನ್ನು ಬೇರೆಯವರಿಗೆ ವಹಿಸಿಬಿಡಬಹುದಾದ ಸಮಾಜಕಲ್ಯಾಣದ ಕೆಲಸವೆಂದು ಅವರು ಎಣಿಸಲಿಲ್ಲ. ಅದು ಧರ್ಮಸಭೆಯ ಸ್ವರೂಪಕ್ಕೇ ಸೇರಿದುದು. ಧರ್ಮಸಭೆಯ ಕುಟುಂಬದಲ್ಲಿ ಯಾರೂ ಕೊರತೆಯಿಂದ ನರಳಬಾರದು, ಆದರೆ ಪ್ರೀತಿ ಅದರ ಗಡಿಯಲ್ಲಿ ನಿಲ್ಲಬಾರದು ಎಂದು ಹೇಳುವಾಗ ಅವರು ಸಮಾರ್ಯದವನನ್ನೂ ಗಲಾತ್ಯ 6:10ನ್ನೂ ಒಟ್ಟಿಗೆ ಇಡುತ್ತಾರೆ.

8. ನಮ್ಮ ನೆಲದಲ್ಲಿ

ಕರ್ನಾಟಕದ ಧರ್ಮಸಭೆಗೆ ಈ ದಾರಿ ಹೊಸದಲ್ಲ. 1880ರಲ್ಲಿ ಯೇಸುಸಭೆಯ ಜರ್ಮನ್ ಗುರು ಅಗಸ್ಟಸ್ ಮುಲ್ಲರ್ ಮಂಗಳೂರಿನ ಕಂಕನಾಡಿಯಲ್ಲಿ ಬಡವರಿಗಾಗಿ ಹೋಮಿಯೋಪಥಿ ಔಷಧ ಕೊಡಲಾರಂಭಿಸಿದರು. ಅದಕ್ಕೆ 1890ರಲ್ಲಿ ಕುಷ್ಠರೋಗಿಗಳ ಆಸ್ಪತ್ರೆಯೂ 1902ರಲ್ಲಿ ಪ್ಲೇಗ್ ಆಸ್ಪತ್ರೆಯೂ ಸೇರಿದವು. ಬೆಂಗಳೂರಿನಲ್ಲಿ ಗುಡ್ ಶೆಫರ್ಡ್ ಸಭೆಯ ಸಹೋದರಿಯರು 1886ರಲ್ಲಿ ಸಂತ ಮಾರ್ತಾ ಆಸ್ಪತ್ರೆಯನ್ನು ಆರಂಭಿಸಿದರು. ಆ ಬಾಗಿಲುಗಳಲ್ಲಿ ನಿಂತವರಲ್ಲಿ ಎಲ್ಲ ಜಾತಿ ಧರ್ಮಗಳ ಜನರಿದ್ದರು, ಇಂದಿಗೂ ಇದ್ದಾರೆ.

ಇಂಥ ಸೇವೆಯ ಹಿಂದೆ ಆಮಿಷವಿದೆಯೆಂಬ ಸಂಶಯವನ್ನೂ ನಾವು ಕೇಳುತ್ತೇವೆ. ಅದಕ್ಕೆ ಸಿಟ್ಟಿನಿಂದ ಉತ್ತರಿಸುವ ಮೊದಲು ನಮ್ಮ ಬೋಧನೆಯನ್ನು ನೆನೆಯುವುದು ಒಳಿತು. ದ್ವಿತೀಯ ವ್ಯಾಟಿಕನ್ ಮಹಾಸಭೆ 1965ರ ‘ಆದ್ ಜೆಂತೆಸ್’ ಆಜ್ಞಾಪತ್ರದಲ್ಲಿ, ಕ್ರೈಸ್ತ ಪ್ರೀತಿ ಕುಲ, ಸ್ಥಾನಮಾನ, ಧರ್ಮಗಳ ಭೇದವಿಲ್ಲದೆ ಎಲ್ಲರನ್ನೂ ತಲುಪುತ್ತದೆ, ಲಾಭವನ್ನಾಗಲಿ ಕೃತಜ್ಞತೆಯನ್ನಾಗಲಿ ನಿರೀಕ್ಷಿಸುವುದಿಲ್ಲ ಎಂದು ಸಾರಿತು (12). ಬೆನೆಡಿಕ್ಟರ ವಿಶ್ವಪತ್ರ, ಸೇವೆಯನ್ನು ಮತಾಂತರದ ಸಾಧನವಾಗಿ ಬಳಸಲಾಗದು, ಪ್ರೀತಿ ಉಚಿತವಾದುದು ಎಂದು ಇನ್ನೂ ಸ್ಪಷ್ಟವಾಗಿ ಹೇಳುತ್ತದೆ (31). ಸಮಾರ್ಯದವನು ಛತ್ರದಿಂದ ಹೊರಡುವಾಗ ಗಾಯಾಳುವಿನ ಹೆಸರನ್ನೂ ಕೇಳಲಿಲ್ಲ, ತನ್ನ ಹೆಸರನ್ನೂ ಹೇಳಲಿಲ್ಲ. ಹೊರಗಿನವರ ಸಂಶಯಕ್ಕೆ ನಮ್ಮ ಮೊದಲ ಉತ್ತರ ನಮ್ಮ ಲೆಕ್ಕದ ಪುಸ್ತಕದಲ್ಲಿಯೂ ನಡತೆಯಲ್ಲಿಯೂ ಇರಬೇಕು.

ಸಾಮತಿ ನಮಗೆ ಇನ್ನೊಂದು ವಿನಯವನ್ನೂ ಕಲಿಸುತ್ತದೆ. ಅದರಲ್ಲಿ ಸೇವೆ ಮಾಡಿದವನು ಹೊರಗಿನವನು. ತುಮಕೂರಿನ ಸಿದ್ಧಗಂಗಾ ಮಠದಲ್ಲಿ ಜಾತಿ ಮತಗಳನ್ನು ಎಣಿಸದೆ ಸಾವಿರಾರು ಮಕ್ಕಳಿಗೆ ದಶಕಗಳಿಂದ ಅನ್ನ ಅಕ್ಷರಗಳ ದಾಸೋಹ ನಡೆದಿರುವ ನಾಡಿನಲ್ಲಿ, ಸೇವೆ ನಮ್ಮೊಬ್ಬರ ಸ್ವತ್ತೆಂಬಂತೆ ನಾವು ಮಾತನಾಡುವಂತಿಲ್ಲ. 2021ರ ಎರಡನೆಯ ಅಲೆಯಲ್ಲಿ ಅದೇ ಧರ್ಮಕೇಂದ್ರದ ಹಿರಿಯರೊಬ್ಬರು ತೀರಿಕೊಂಡಾಗ, ಮನೆಯವರೆಲ್ಲ ಸೋಂಕಿನಿಂದ ಮಲಗಿದ್ದರು. ಪಿಪಿಇ ಧರಿಸಿ ಶವಪೆಟ್ಟಿಗೆಗೆ ಹೆಗಲು ಕೊಟ್ಟವರು ಪಕ್ಕದ ಬಡಾವಣೆಯ ಮುಸ್ಲಿಂ ಯುವಕರು. ಸಮಾಧಿಯ ಬಳಿ ಪ್ರಾರ್ಥನೆ ಹೇಳುತ್ತಿದ್ದ ನಮಗೆ, ದಾರಿಯಲ್ಲಿ ಬಿದ್ದವರು ಈ ಸಲ ನಾವೇ ಎಂಬುದು ಅರ್ಥವಾಯಿತು. ಅವರ ಬಳಿ ಯಾವ ಪಟ್ಟಿಯೂ ಇರಲಿಲ್ಲ.

9. ಗುರುತರಬೇತಿಗೆ ಕೆಲವು ಸೂಚನೆಗಳು

ಈ ಚಿಂತನೆಯಿಂದ ನಮ್ಮ ಗುರುಮಠಗಳಿಗೂ ಧರ್ಮಕೇಂದ್ರಗಳಿಗೂ ಮೂರು ಸಾಧಾರಣ ಸೂಚನೆಗಳು ಹೊರಡುತ್ತವೆ. ಮೊದಲನೆಯದಾಗಿ, ಧರ್ಮಕೇಂದ್ರದ ಕುಟುಂಬಗಳ ದಾಖಲೆ ಇರುವಂತೆ, ಅದರ ಎಲ್ಲೆಯೊಳಗೆ ವಾಸಿಸುವ ಎಲ್ಲ ಜನರ ಪರಿಚಯವೂ ಗುರುವಿಗೆ ಇರಬೇಕು. ಧರ್ಮಸಭೆಯ ಕಾನೂನಿನಲ್ಲಿ ಧರ್ಮಕೇಂದ್ರವೆಂದರೆ ಸಾಮಾನ್ಯವಾಗಿ ಒಂದು ಭೂಪ್ರದೇಶ. ಅಲ್ಲಿ ನಮ್ಮವರಷ್ಟೇ ವಾಸಿಸುವುದಿಲ್ಲ. ಎಲ್ಲಿ ವಲಸೆಯವರ ಶೆಡ್ಡುಗಳಿವೆ, ಯಾರ ಮನೆಯಲ್ಲಿ ಒಬ್ಬಂಟಿ ವೃದ್ಧರಿದ್ದಾರೆ ಎಂಬುದು ಸಂಕಟ ಬರುವ ಮೊದಲೇ ತಿಳಿದಿರಬೇಕು.

ಎರಡನೆಯದಾಗಿ, ಧರ್ಮಕೇಂದ್ರದ ವಾರ್ಷಿಕ ಆಯವ್ಯಯದಲ್ಲಿ ಹೊರಗಿನವರಿಗೆಂದು ಒಂದು ಪಾಲು ಮೊದಲೇ ನಿಗದಿಯಾಗಿರಬೇಕು. ಉಳಿದರೆ ಕೊಡೋಣ ಎಂದರೆ ಎಂದೂ ಉಳಿಯುವುದಿಲ್ಲ. ಮೂರನೆಯದಾಗಿ, ಗುರುವಿದ್ಯಾರ್ಥಿಗಳ ಪಾಲನಾ ತರಬೇತಿ ಬೋಧನೆ ಹಾಗೂ ಪೂಜಾವಿಧಿಗಳಲ್ಲಿಯೇ ಮುಗಿಯಬಾರದು. ಪಂಚಾಯಿತಿ ಕಚೇರಿ, ಸರ್ಕಾರಿ ಆಸ್ಪತ್ರೆ, ಆಶಾ ಕಾರ್ಯಕರ್ತೆಯರು, ಅನ್ಯಧರ್ಮೀಯರ ಸೇವಾಸಂಘಗಳು ಇವರೊಡನೆ, ಮುಂದಾಳುತನ ವಹಿಸದೆ, ಜೊತೆಗಾರರಾಗಿ ಕೆಲಸ ಮಾಡುವುದನ್ನು ಅವರು ಕಲಿಯಬೇಕು. ಸಮಾರ್ಯದವನಿಗೂ ಒಬ್ಬ ಛತ್ರದವನು ಬೇಕಾಗಿದ್ದ.

10. ಉಪಸಂಹಾರ

ಈ ಪ್ರಸಂಗವನ್ನು ತರಗತಿಯಲ್ಲಿ ಹೇಳಿದಾಗಲೆಲ್ಲ ಗುರುವಿದ್ಯಾರ್ಥಿಗಳು ಒಂದೇ ಪ್ರಶ್ನೆ ಕೇಳುತ್ತಾರೆ: ಗುರುಗಳೇ, ಇಂದು 140 ಕಿಟ್‌ಗಳು ಬಂದರೆ ಏನು ಮಾಡುತ್ತೀರಿ? ಅಂದು ನಮಗೆ ಹೊಳೆಯದ ಉತ್ತರ ಬಹಳ ಸರಳವಾದುದು. ಕಿಟ್‌ಗಳನ್ನು ಬಿಚ್ಚುತ್ತೇವೆ. ಇಟ್ಟುಕೊಂಡ ಎಂಟನ್ನೂ ಸೇರಿಸಿ ಎಲ್ಲವನ್ನೂ ಒಂದೇ ಜಮಖಾನೆಯ ಮೇಲೆ ಸುರಿದು, 132ಕ್ಕೆ 31ನ್ನು ಕೂಡಿಸಿ 163 ಪಾಲು ಮಾಡುತ್ತೇವೆ. ಪ್ರತಿಯೊಬ್ಬರಿಗೂ ಸ್ವಲ್ಪ ಕಡಿಮೆ ಸಿಗುತ್ತದೆ. ನಮ್ಮವರಲ್ಲಿ ಕೆಲವರು ಗೊಣಗಬಹುದು. ಏಕೆ ಹಾಗೆ ಮಾಡಿದೆವೆಂದು ಅವರಿಗೆ ತಿಳಿಸಿ ಹೇಳುವುದೇ ಆ ವಾರದ ಪ್ರಬೋಧನೆಯಾಗುತ್ತದೆ.

ದೇವರೆಡೆಗೆ ಹೋಗುವ ದಾರಿ ಒಂದು, ಜನರೆಡೆಗೆ ಹೋಗುವ ದಾರಿ ಮತ್ತೊಂದು ಎಂದು ಎರಡು ದಾರಿಗಳಿಲ್ಲ. ಜೆರುಸಲೇಮಿನ ದೇವಾಲಯದಿಂದ ಹೊರಟ ಯಾಜಕನಿಗೆ ಇದ್ದದ್ದು ಒಂದೇ ದಾರಿ. ಗಾಯಗೊಂಡವನು ಬಿದ್ದಿದ್ದದ್ದು ಆ ದಾರಿಯಲ್ಲಿಯೇ. ಬಲಿಪೂಜೆಯ ಕೊನೆಯಲ್ಲಿ ನಾವು ಜನರನ್ನು ಸಮಾಧಾನದಿಂದ ಹೋಗಿಬನ್ನಿರೆಂದು ಕಳುಹಿಸುತ್ತೇವೆ. ಅವರು ಹೊರಡುವ ಬಾಗಿಲಿನಿಂದಲೇ ನಾವೂ ಹೊರಡಬೇಕು; ಗೇಟಿನ ಬಳಿ ಯಾರಾದರೂ ನಿಂತಿದ್ದಾರೆಯೇ ಎಂದು ನೋಡಬೇಕು.